ಅಳೆಯುವವನ ಹೊಣೆ

ಅಧ್ಯಾಪಕನ ಉದ್ಯೋಗದಲ್ಲಿ ಒಂದು ವಿಚಿತ್ರವಿದೆ. ವರ್ಷದ ಹೆಚ್ಚು ದಿನ ಅವನು ಕಲಿಸುವವನು. ಕೆಲವು ದಿನ ಅಳೆಯುವವನು. ಕಲಿಸುವಾಗ ಕೈಯಲ್ಲಿ ಪುಸ್ತಕ, ಅಳೆಯುವಾಗ ಕೆಂಪು ಶಾಯಿಯ ಪೆನ್ನು. ಕೈ ಒಂದೇ. ಆದರೆ ಎರಡನೆಯ ಕೆಲಸಕ್ಕೆ ಕೂತಾಗ, ಮೊದಲನೆಯದನ್ನು ತಾನು ಎಷ್ಟರಮಟ್ಟಿಗೆ ಮಾಡಿದ್ದೇನೆ ಎಂದು ಕೇಳಿಕೊಳ್ಳುವವರು ನಮ್ಮಲ್ಲಿ ಕಡಮೆ. ಹದಿನೆಂಟು ವರ್ಷ ನಾನೂ ಕೇಳಿಕೊಂಡಿರಲಿಲ್ಲ. ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಅಂಕಪಟ್ಟಿಯನ್ನು ಹಿಡಿದುಕೊಂಡು ಮಧುಗಿರಿಯ ನಮ್ಮ ಮನೆಗೆ ಬಂದದ್ದರಿಂದ ಆ ಪ್ರಶ್ನೆ ನನ್ನ ಬಾಗಿಲಿಗೂ ಬಂತು.

ಹುಡುಗಿ ಪಾವಗಡ ತಾಲ್ಲೂಕಿನವಳು. ನಕಾಶೆಯನ್ನು ನೋಡಿದವರಿಗೆ ಗೊತ್ತಿರುತ್ತದೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ನಮ್ಮ ಶೈಕ್ಷಣಿಕ ಜಿಲ್ಲೆಯಾದರೂ, ಪಾವಗಡದ ಎಲ್ಲೆಯ ಬಹುಭಾಗವೆಲ್ಲ ಆಂಧ್ರಪ್ರದೇಶವೇ. ಅಲ್ಲಿ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಇವಳೂ ಅಂಥ ಮನೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಆಮೇಲೆ ನಮ್ಮ ಕಾಲೇಜಿನಲ್ಲಿ ಬಿ.ಎಸ್‌ಸಿ.; ಆಮೇಲೆ ಬೆಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಅವಳ ತಂದೆಯ ಶೇಂಗಾ ಹೊಲ ತಿರುಮಣಿಯ ಸುತ್ತಿನ ಸೌರವಿದ್ಯುತ್ ಸ್ಥಾವರಕ್ಕೆ ಗುತ್ತಿಗೆಗೆ ಹೋಗಿದೆ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿ, 2,050 ಮೆಗಾವಾಟ್ ವಿದ್ಯುತ್ತಿಗೆಂದು ಕಟ್ಟಿದ ಆ ಸ್ಥಾವರವನ್ನು ನೋಡಲು ದೂರದೂರದವರು ಬರುತ್ತಾರೆ. ಬಂದವರು ಫಲಕಗಳನ್ನು ನೋಡಿದರೆ, ಈ ಹುಡುಗಿ ಫಲಕಗಳ ಮೇಲೆ ಕೂರುವ ಧೂಳನ್ನು ನೋಡಿದಳು. ಧೂಳು ಕೂತಷ್ಟೂ ವಿದ್ಯುತ್ತು ಇಳಿಯುತ್ತದೆ. ತೊಳೆಯೋಣವೆಂದರೆ ಬರದ ಸೀಮೆಯಲ್ಲಿ ನೀರೆಲ್ಲಿ? ಧೂಳು ಅಂಟದಂಥ ಲೇಪನವೊಂದನ್ನು ಕಂಡುಹಿಡಿಯಬೇಕೆಂಬುದು ಅವಳ ಸಂಶೋಧನೆಯ ಹಂಬಲ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ಅವಳ ಯೋಜನೆಯನ್ನು ಮೆಚ್ಚಿ, ಒಂದು ಷರತ್ತಿನ ಮೇಲೆ ಸ್ಥಳ ಕೊಡುವುದಾಗಿ ಬರೆಯಿತು. ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಒಟ್ಟು ಆರೂವರೆ ಬರಬೇಕು. ಯಾವ ಭಾಗದಲ್ಲೂ ಆರಕ್ಕಿಂತ ಕಡಮೆಯಾಗಕೂಡದು.

ಐಇಎಲ್‌ಟಿಎಸ್ ಎಂಬ ಈ ಪರೀಕ್ಷೆಯ ಹೆಸರನ್ನು ಈಗ ಕೇಳದ ಪಟ್ಟಣವಿಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ಅದಕ್ಕೆ ನಾಲ್ಕು ಭಾಗ, ಅಂಕ ಒಂಬತ್ತರವರೆಗೆ. ಕೇಳುವ ಭಾಗದ ಧ್ವನಿಮುದ್ರಿಕೆಯನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ. ಬರೆಯುವ ಭಾಗದಲ್ಲಿ ಒಂದು ಗಂಟೆಯೊಳಗೆ ಒಂದು ರೇಖಾಚಿತ್ರವನ್ನೋ ಪಟ್ಟಿಯನ್ನೋ ಕನಿಷ್ಠ 150 ಪದಗಳಲ್ಲಿ ವಿವರಿಸಿ, ಕನಿಷ್ಠ 250 ಪದಗಳ ಒಂದು ಪ್ರಬಂಧವನ್ನೂ ಬರೆಯಬೇಕು. ಕಟ್ಟಬೇಕಾದ ಹಣ ಹದಿನೈದು ಸಾವಿರ ರೂಪಾಯಿಗೂ ಮೇಲೆ. ಬಂದ ಫಲ ಎರಡು ವರ್ಷ ಊರ್ಜಿತ.

ಅವಳ ಪಟ್ಟಿಯಲ್ಲಿ ಓದುವುದಕ್ಕೆ ಏಳೂವರೆ, ಕೇಳುವುದಕ್ಕೆ ಏಳು, ಮಾತಿಗೆ ಆರು. ಒಟ್ಟು ಬೇಕಾದಷ್ಟೇ, ಆರೂವರೆ. ಆದರೆ ಬರವಣಿಗೆಗೆ ಐದೂವರೆ. ಅರ್ಧ ಅಂಕಕ್ಕೆ ಬಾಗಿಲು ಮುಚ್ಚಿತ್ತು.

ನನಗೆ ಕೋಪ ಬಂತು. ಅರ್ಧ ಗಂಟೆಯ ಹಿಂದೆಯಷ್ಟೇ ಆ ಹುಡುಗಿ ನಮ್ಮ ಜಗಲಿಯಲ್ಲಿ ಕೂತು, ಧೂಳು ಗಾಜಿಗೆ ಯಾಕೆ ಅಂಟುತ್ತದೆ, ಮುಂಜಾನೆಯ ಇಬ್ಬನಿ ಬಿದ್ದರೆ ಅದು ಹೇಗೆ ಕೆಸರಾಗಿ ಗಟ್ಟಿಕೊಳ್ಳುತ್ತದೆ ಎಂಬುದನ್ನು ನನ್ನಂಥ ಸಾಹಿತ್ಯದವನಿಗೂ, ಕಾಫಿ ತಂದ ನನ್ನ ಶ್ರೀಮತಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಿದ್ದಳು. ಇಷ್ಟು ತಿಳಿದವಳನ್ನು ತಡೆದು ನಿಲ್ಲಿಸಲು ಇನ್ನೂರೈವತ್ತು ಪದದ ಒಂದು ಪ್ರಬಂಧವೇ? ಪರಭಾಷೆಯ ದಬ್ಬಾಳಿಕೆಯ ವಿಚಾರವಾಗಿ ನಾನು ಸುಮಾರು ಹೊತ್ತು ಭಾಷಣ ಮಾಡಿದೆ. ಹುಡುಗಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಮುಂದಿನ ಭಾನುವಾರ ಬರ್ತೀನಿ ಸರ್, ಒಂದು ಕೆಲಸ ಇತ್ತು" ಎಂದು ಎದ್ದು ಹೋದಳು.

ಆ ವಾರ ಈ ಪರೀಕ್ಷೆಗಳನ್ನು ಖಂಡಿಸಿ ಒಂದು ಲೇಖನ ಬರೆಯಬೇಕೆಂದು ಸಿದ್ಧತೆ ನಡೆಸಿದೆ. ಓದುಗರ ಕೈಯಲ್ಲಿರುವುದು ಆ ಲೇಖನವಲ್ಲ. ಅದು ಯಾಕೆ ಬೇರೆಯಾಯಿತೆಂಬುದೇ ಈ ಬರಹದ ವಿಷಯ.

ಮೊದಲನೆಯ ತೊಡಕು ತರ್ಕದ್ದು. ಹೋದ ವರ್ಷ ನಮ್ಮ ಬೀದಿಯ ಮುದುಕಿಯೊಬ್ಬರು ಪಿಂಚಣಿಯ ಹಣ ಕೇಳಲು ಬ್ಯಾಂಕಿಗೆ ಹೋಗಿ, ಕಿಟಕಿಯ ಹಿಂದೆ ಕೂತವನಿಗೆ ತಮ್ಮ ಮಾತು ತಿಳಿಯದೆ ಬರಿಗೈಯಲ್ಲಿ ಹಿಂತಿರುಗಿದರು. ಆಗ ನಾನು ಏನೆಂದೆ? "ಈ ಊರಿನಲ್ಲಿ ಕೆಲಸ ಮಾಡುವವನಿಗೆ ಈ ಊರಿನ ಮಾತು ಬರಬೇಕು, ಪರೀಕ್ಷೆ ಮಾಡಿಯೇ ಕಳಿಸಬೇಕು" ಎಂದೆ. ಈಗಲೂ ಅದನ್ನೇ ಹೇಳುತ್ತೇನೆ. ಹಾಗಾದರೆ ಇಂಗ್ಲಿಷಿನಲ್ಲಿ ಪಾಠ ನಡೆಯುವ ಜಾಗದಲ್ಲಿ, ಇಂಗ್ಲಿಷಿನಲ್ಲಿ ಮಹಾಪ್ರಬಂಧ ಬರೆಯಬೇಕಾದವಳಿಗೆ ಇಂಗ್ಲಿಷು ಬರುತ್ತದೆಯೇ ಎಂದು ಅವರು ಕೇಳಿದರೆ ಅದು ಹೇಗೆ ದಬ್ಬಾಳಿಕೆಯಾದೀತು? ಕೊಡುವುದಕ್ಕೊಂದು ಸೇರು, ಕೊಳ್ಳುವುದಕ್ಕೊಂದು ಸೇರು ಇಟ್ಟುಕೊಂಡ ವ್ಯಾಪಾರಿಯನ್ನು ಸಂತೆಯಲ್ಲಿ ಯಾರೂ ಮೆಚ್ಚುವುದಿಲ್ಲ. ವಿಚಾರದ ಸಂತೆಗೂ ಅದೇ ನಿಯಮ.

ಎರಡನೆಯ ತೊಡಕು ಚೀನೀಯರದು. ಇಂಗ್ಲಿಷ್ ಪರೀಕ್ಷೆ ಬರೆದು ಪರದೇಶಕ್ಕೆ ಓದಲು ಹೋಗುವುದರಲ್ಲಿ ಚೀನೀಯರ ಅನುಭವ ನಮ್ಮದಕ್ಕಿಂತ ಕಡಮೆಯದೇನಲ್ಲವಾದ್ದರಿಂದ ಅವರ ಸಂಗತಿಯನ್ನು ಓದತೊಡಗಿದೆ. ಅಮೆರಿಕದ ಟೋಫೆಲ್ ಪರೀಕ್ಷೆ ಶುರುವಾದದ್ದು 1964ರಲ್ಲಿ. ಬಹುಕಾಲ ಅದರಲ್ಲಿ ಮಾತಿನ ಭಾಗ ಎಲ್ಲರಿಗೂ ಕಡ್ಡಾಯವಾಗಿರಲಿಲ್ಲ. ಅದು ಸೇರಿದ್ದು 2005ರಲ್ಲಿ. ಅಷ್ಟರೊಳಗೆ ತರಬೇತಿ ಶಾಲೆಗಳಲ್ಲಿ ಪದಗಳನ್ನೂ ಮಾದರಿ ಉತ್ತರಗಳನ್ನೂ ಉರುಹೊಡೆದು, ಬಹು ದೊಡ್ಡ ಅಂಕ ಗಳಿಸಿ ಹೋದ ಚೀನೀ ಸ್ನಾತಕೋತ್ತರ ವಿದ್ಯಾರ್ಥಿಗಳು ಎಷ್ಟೋ ಮಂದಿ. ಹೋದ ಮೇಲೆ ಪಾಠ ಕಿವಿಗೆ ಹತ್ತದು, ಕೇಳಿದ್ದಕ್ಕೆ ಬಾಯಿ ಬಾರದು. ಅಲ್ಲಿನ ಪದ್ಧತಿಯಂತೆ ಸಂಶೋಧನಾ ವಿದ್ಯಾರ್ಥಿಗಳು ಕೆಳಗಿನ ತರಗತಿಗಳಿಗೆ ಪಾಠವನ್ನೂ ಹೇಳಬೇಕು. "ಇವರ ಇಂಗ್ಲಿಷು ನಮಗೆ ತಿಳಿಯದು" ಎಂದು ವಿದ್ಯಾರ್ಥಿಗಳೂ ಪೋಷಕರೂ ಗಲಾಟೆ ಮಾಡಿದ್ದರಿಂದ, 1980ರ ದಶಕದಲ್ಲಿ ಅಮೆರಿಕದ ಹಲವು ರಾಜ್ಯಗಳು ಪರದೇಶದ ಬೋಧಕರ ಮಾತನ್ನು ಪರೀಕ್ಷಿಸಬೇಕೆಂದು ಕಾನೂನನ್ನೇ ಮಾಡಿದವು. ಹೀಗೆ ಅಳತೆ ಎರಡು ಬಗೆಯಲ್ಲಿ ತಪ್ಪಬಹುದು: ಬರುವವನನ್ನು ಬಾರದವನೆನ್ನಬಹುದು, ಬಾರದವನನ್ನು ಬರುವವನೆಂದೂ ಹೇಳಬಹುದು. ಎರಡನೆಯದರಲ್ಲಿ ದಯೆಯೇನೂ ಇಲ್ಲ. ಈಜು ಬಾರದವನಿಗೆ ಬರುತ್ತದೆಂದು ಚೀಟಿ ಕೊಟ್ಟು ಕೆರೆಗೆ ಇಳಿಸಿದ ಹಾಗೆ ಅದು.

ಉರುಹೊಡೆಯುವುದು ಚೀನೀಯರಿಗೆ ಹೊಸದಲ್ಲ ಎಂದು ಕೆಲವರು ಬರೆಯುತ್ತಾರೆ. ಸಾವಿರದ ಮುನ್ನೂರು ವರ್ಷ ನಡೆದು 1905ರಲ್ಲಿ ರದ್ದಾದ ಅವರ ರಾಜಸೇವಾ ಪರೀಕ್ಷೆಯಲ್ಲಿ, ಕೊನೆಯ ಶತಮಾನಗಳಲ್ಲಿ ಎಂಟು ಅಂಗಗಳ ಒಂದು ಪ್ರಬಂಧಕ್ರಮವಿತ್ತು. ಅದಕ್ಕೆ 'ಎಂಟು ಕಾಲಿನ ಪ್ರಬಂಧ' ಎಂದೇ ಹೆಸರು. ಅಂಗಕ್ಕೊಂದು ಕಟ್ಟಳೆ. ಇದನ್ನು ಓದಿ ಮೊದಲು ನಕ್ಕೆ. ಆಮೇಲೆ ನನ್ನ ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ನೋಡಿ ನಗೆ ನಿಂತಿತು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. 'ಪರಿಸರ ಮಾಲಿನ್ಯ', 'ಗ್ರಂಥಾಲಯಗಳ ಮಹತ್ವ'. ನಲವತ್ತು ಪತ್ರಿಕೆಗಳಲ್ಲಿ ಒಂದೇ ಗೈಡಿನ ಒಂದೇ ವಾಕ್ಯ.

ಮೂರನೆಯದು ತೊಡಕಲ್ಲ, ಪೆಟ್ಟು. ಚೀನೀಯರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಲ್ಲಿ ಮುಖ್ಯವಾದ ಒಂದು, ಹೆಂಗಸಿಗೆ 'ಹಿ' ಎನ್ನುವುದು, ಗಂಡಸಿಗೆ 'ಷಿ' ಎನ್ನುವುದು. ಎಷ್ಟು ಓದಿದವರೂ ಅವಸರದ ಮಾತಿನಲ್ಲಿ ಇದನ್ನು ಮಾಡುತ್ತಾರಂತೆ. ಕಾರಣ ಸರಳ. ಅವರ ಮಾತಿನಲ್ಲಿ 'ಅವನು', 'ಅವಳು' ಎರಡಕ್ಕೂ 'ತಾ' ಎಂಬ ಒಂದೇ ಉಚ್ಚಾರಣೆ. ಬರವಣಿಗೆಯಲ್ಲಿ 'ಅವಳು' ಎಂಬುದಕ್ಕೆ ಬೇರೆ ಅಕ್ಷರ ರೂಢಿಗೆ ಬಂದದ್ದೂ ಕಳೆದ ಶತಮಾನದ ಮೊದಲ ದಶಕಗಳಲ್ಲಿಯೇ. ಹಾಗೆಂದರೆ ಆ ತಪ್ಪು ಅಜ್ಞಾನದಿಂದ ಹುಟ್ಟಿದ್ದಲ್ಲ. ತಾಯಿ ಕಲಿಸಿದ ಇನ್ನೊಂದು ವ್ಯಾಕರಣಕ್ಕೆ ನಾಲಗೆ ತೋರುವ ನಿಷ್ಠೆ ಅದು.

ಇಷ್ಟು ಓದಿದಾಗ ನನಗೆ ಏಳು ವರ್ಷದ ಹಿಂದಿನ ಒಂದು ಬೆಳಗ್ಗೆ ನೆನಪಾಯಿತು.

ಪ್ರಥಮ ಬಿ.ಎಸ್‌ಸಿ.ಯ ಕನ್ನಡ ತರಗತಿ. ಪಾಠ ಶುರುವಾದ ಮೇಲೆ ಇದೇ ಹುಡುಗಿ ಬಾಗಿಲಲ್ಲಿ ನಿಂತಳು. ಯಾಕೆ ತಡವೆಂದು ಕೇಳಿದೆ. "ನಮ್ಮಮ್ಮ ಊರಿಂದ ಬಂತು ಸರ್" ಎಂದಳು. ನಾನು, "ಬಂತು ಅನ್ನೋಕೆ ನಿಮ್ಮಮ್ಮ ಏನು ಬಸ್ಸೇನಮ್ಮ?" ಎಂದೆ. ತರಗತಿ ನಕ್ಕಿತು. ನಾನೂ ನಕ್ಕೆ. ಹುಡುಗಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ಕನ್ನಡದಲ್ಲಿ 'ಅವನು ಬಂದ', 'ಅವಳು ಬಂದಳು', 'ಅದು ಬಂತು' ಎಂದು ಮೂರು ಬಗೆ. ತೆಲುಗಿನ ಏಕವಚನದಲ್ಲಿ ಕ್ರಿಯಾಪದಕ್ಕೆ ಎರಡೇ ಬಗೆ: ಗಂಡಸಾದರೆ 'ವಚ್ಚಾಡು', ಹೆಂಗಸಾಗಲಿ ಬಸ್ಸಾಗಲಿ 'ವಚ್ಚಿಂದಿ'. ಎಂ.ಎ. ತರಗತಿಯಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಓದಿ ಅಂಕ ಗಳಿಸಿದ ನನಗೆ ಇದು ತಿಳಿಯದೆ ಇರಲಿಲ್ಲ. ಆ ಕ್ಷಣಕ್ಕೆ ಅದು ಬೇಕಾಗಿರಲಿಲ್ಲ, ಅಷ್ಟೆ. ಅದೂ ಇರಲಿ, ನಮ್ಮ ಸೀಮೆಯ ಹಳ್ಳಿಗಳಲ್ಲಿ ಕನ್ನಡ ಮನೆಮಾತಿನವರೇ ಸಲಿಗೆಯಿಂದ 'ಅಜ್ಜಿ ಬಂತು' ಎನ್ನುವುದುಂಟು. ನನ್ನ ತಾಯಿ ತಮ್ಮ ತಾಯಿಯನ್ನು ಹಾಗೆಯೇ ಕರೆದುಕೊಂಡು ಮಾತಾಡುತ್ತಿದ್ದರು. ಅದನ್ನು ಕೇಳಿ ನನಗೆ ಬಸ್ಸಿನ ನೆನಪು ಬಂದಿರಲಿಲ್ಲ.

ಭಾನುವಾರ ಹುಡುಗಿ ಬಂದಳು. ಕೆಲಸ ಏನೆಂದು ಕೇಳಿದೆ. "ಪ್ರಬಂಧ ಬರೆಯೋದು ಹೇಳಿಕೊಡಿ ಸರ್" ಎಂದಳು.

"ನಾನು ಕನ್ನಡದ ಮೇಷ್ಟ್ರು ಕಣಮ್ಮ. ಅದಕ್ಕೆ ಇಂಗ್ಲಿಷಿನವರನ್ನು ಕೇಳಬೇಕು."

"ಇಂಗ್ಲಿಷ್ ಹೇಗೋ ಕಲ್ತುಕೋತೀನಿ ಸರ್. ಒಂದು ಪ್ರಶ್ನೆ ಕೊಟ್ಟು ನಿನ್ನ ಅಭಿಪ್ರಾಯ ಏನು, ಯಾಕೆ ಅಂತ ಬರಿ ಅಂತಾರೆ. ನನಗೆ ಅಲ್ಲೇ ನಿಂತುಹೋಗುತ್ತೆ. ಅಂಥದ್ದನ್ನ ನಾನು ಯಾವ ಭಾಷೆಯಲ್ಲೂ ಬರೆದಿಲ್ಲ. ಕನ್ನಡದಲ್ಲೂ ಗೈಡಿಂದೇ ಬರೆದಿದ್ದು."

ಅವಳ ಉತ್ತರಪತ್ರಿಕೆಗಳನ್ನು ತಿದ್ದಿದವರಲ್ಲಿ ನಾನೂ ಒಬ್ಬ. ಗೈಡಿನ ಪ್ರಬಂಧಕ್ಕೆ ಹತ್ತಕ್ಕೆ ಎಂಟು ಕೊಟ್ಟಿದ್ದೇನೆ. ನೆನಪಿನ ಶಕ್ತಿಯನ್ನು ಅಳೆದು ಅದನ್ನು ಭಾಷೆಯೆಂದು ಬರೆದುಕೊಟ್ಟಿದ್ದೇನೆ. ಆ ಐದೂವರೆಯಲ್ಲಿ ಇಂಗ್ಲಿಷಿನ ಕೊರತೆ ಎಷ್ಟೋ, ನನ್ನ ಕನ್ನಡ ಪಾಠದ ಕೊರತೆಯೂ ಅಷ್ಟೇ ಇತ್ತು. ಯಾವುದೋ ದೇಶದ ಪರೀಕ್ಷಕ ಅವಳ ಮುಖ ನೋಡದೆ, ಊರು ಜಾತಿ ಕೇಳದೆ, ತಾನು ಏನನ್ನು ಹುಡುಕುತ್ತೇನೆಂದು ಮೊದಲೇ ಅಚ್ಚುಹಾಕಿಸಿ ಹೇಳಿ, ಅದರಂತೆ ಅಳೆದಿದ್ದ. ನಾನು ಅವಳ ಮುಖವನ್ನು ನೋಡುತ್ತಲೇ ನಕ್ಕಿದ್ದೆ.

ಆ ಬೆಳಗಿನ ಮಾತು ನೆನಪಿದೆಯೇ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೆ ಸರ್. ಆಮೇಲೆ ನಾನು ಯಾವತ್ತೂ 'ಅಮ್ಮ ಬಂತು' ಅಂತ ತಪ್ಪು ಮಾಡಲಿಲ್ಲ" ಎಂದಳು. ಮತ್ತೆ, "ತರಗತಿಯಲ್ಲಿ ಎದ್ದು ಮಾತಾಡಲೂ ಇಲ್ಲ" ಎಂದಳು. ದೂರಿನ ದನಿಯಿರಲಿಲ್ಲ, ಲೆಕ್ಕ ಒಪ್ಪಿಸಿದಂತಿತ್ತು. ಒಂದು ತಪ್ಪು ಹೋಗಿತ್ತು, ಅದರ ಜೊತೆಯಲ್ಲಿ ಮಾತೂ ಹೋಗಿತ್ತು. ಕ್ಷಮಿಸಮ್ಮ ಎಂದೆ. "ಅಯ್ಯೋ, ಬಿಡಿ ಸರ್" ಎಂದು ಅವಳು ನೋಟ್ ಪುಸ್ತಕ ತೆರೆದಳು.

ಭಾಷೆಯ ಮೂಲಕ ಮನುಷ್ಯನನ್ನು ಅಳೆಯುವುದು ಎಷ್ಟರಮಟ್ಟಿಗೆ ಧರ್ಮ ಎಂಬುದು ಅಂದಿನಿಂದ ನನ್ನನ್ನು ಬಿಡದ ಪ್ರಶ್ನೆ. ನನಗೆ ತೋಚಿದಷ್ಟನ್ನು ಹೇಳುತ್ತೇನೆ.

ಅಳೆಯಲೇಬಾರದು ಎಂಬುದು ಸುಲಭದ ಉತ್ತರ, ಆದರೆ ಸರಿಯಾದ ಉತ್ತರವಲ್ಲ. ಬ್ಯಾಂಕಿನ ಕಿಟಕಿಯ ಮುಂದೆ ನಿಂತ ಮುದುಕಿಗೆ ಅದು ದ್ರೋಹ. ಅಳೆಯಬೇಕು. ಆದರೆ ಅಳೆದ ವಸ್ತು ಯಾವುದೆಂಬುದನ್ನು ಮರೆಯಬಾರದು. ರಾಮಾನುಜನ್ ಅವರ ಕಥೆ ಎಲ್ಲರಿಗೂ ಗೊತ್ತು. 1904ರಲ್ಲಿ ಕುಂಭಕೋಣದ ಕಾಲೇಜಿಗೆ ವಿದ್ಯಾರ್ಥಿವೇತನದೊಡನೆ ಸೇರಿದ ಹುಡುಗ ಇಂಗ್ಲಿಷಿನಲ್ಲಿ ತೇರ್ಗಡೆಯಾಗದೆ ಆ ವೇತನವನ್ನು ಕಳೆದುಕೊಂಡ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. ಇದನ್ನು ಹೇಳುವವರು ಸಾಮಾನ್ಯವಾಗಿ ಪರೀಕ್ಷಕರನ್ನು ಮೂರ್ಖರೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗಣಿತದ ಗುಂಗಿನಲ್ಲಿ ಹುಡುಗ ಉಳಿದ ವಿಷಯಗಳನ್ನು ಓದಿರಲಿಲ್ಲ. ಇಂಗ್ಲಿಷಿನ ಪರೀಕ್ಷಕ ಇಂಗ್ಲಿಷಿನ ವಿಷಯದಲ್ಲಿ ನಿಜವನ್ನೇ ಹೇಳಿದ. ತಪ್ಪಾದದ್ದು ಆ ಒಂದು ಅಂಕಿಯನ್ನು ಇಡೀ ಹುಡುಗನ ಬೆಲೆಯೆಂದು ಓದಿಕೊಂಡ ಏರ್ಪಾಡಿನಿಂದ. ಪಾವಿನಲ್ಲಿ ಅಕ್ಕಿಯನ್ನು ಅಳೆಯಬಹುದು. ಅಕ್ಕಿ ಬೆಳೆದ ಹೊಲದ ಸತ್ತ್ವವನ್ನು ಅಳೆಯಲಾಗದು.

ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕಲಿಸುವ ಹೊಣೆಯನ್ನು ಹೊರದವನಿಗೆ ಅಳೆಯುವ ಹಕ್ಕು ಪೂರ್ತಿಯಾಗಿ ಇರುವುದಿಲ್ಲ. ದೂರದ ಪರೀಕ್ಷಾಸಂಸ್ಥೆ ನನ್ನ ವಿದ್ಯಾರ್ಥಿನಿಗೆ ಕಲಿಸುವೆನೆಂದು ಮಾತು ಕೊಟ್ಟಿರಲಿಲ್ಲ. ಅದು ಬರಿಯ ತಕ್ಕಡಿ. ಮಾತು ಕೊಟ್ಟವನು ನಾನು, ಸಂಬಳ ಪಡೆದವನು ನಾನು. ಶಾಲೆ, ಕಾಲೇಜು, ಸರ್ಕಾರ ಇವು ಅಳೆಯುವಾಗ ತಮ್ಮನ್ನೂ ಅಳೆದುಕೊಳ್ಳಬೇಕಾದ ಸಂಸ್ಥೆಗಳು. 2024ರ ಆಗಸ್ಟ್ 27ರಂದು ನಮ್ಮ ರಾಜ್ಯದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ನಡೆದಾಗ, ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರ ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಡಿಸೆಂಬರ್ 29ರಂದು ಅದು ನಡೆಯಿತು. ಕನ್ನಡದಲ್ಲಿ ಓದಿದವರನ್ನು ಕನ್ನಡ ನಾಡಿನಲ್ಲಿ ಅಳೆಯಹೊರಟ ಅಳತೆಗೋಲೇ ಕನ್ನಡದಲ್ಲಿ ನಪಾಸಾಗಿತ್ತು. ಇಂಗ್ಲಿಷಿನ ಪರೀಕ್ಷೆಯನ್ನು ಬಯ್ಯುವ ಮೊದಲು ನಾವು ನೆನೆಯಬೇಕಾದ ಸಂಗತಿ ಇದು.

"ಹಾಗಾದರೆ ತಪ್ಪನ್ನು ತಿದ್ದಲೇಬಾರದೇ? 'ಅಮ್ಮ ಬಂತು' ಎಂದೇ ಬಿಟ್ಟುಬಿಡಬೇಕೇ?" ಎಂದು ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಕೇಳಿದರು. ಬಿಡಬಾರದು. ಬಿಟ್ಟರೆ ಅದು ಇನ್ನೊಂದು ಬಗೆಯ ಅಲಕ್ಷ್ಯ. ಗಡಿಯ ಹುಡುಗರಿಗೆ ಇಷ್ಟೇ ಸಾಕು ಎಂಬ ಔದಾರ್ಯದಲ್ಲಿ ತಿರಸ್ಕಾರ ಅಡಗಿರುತ್ತದೆ. ತಿದ್ದಬೇಕು; ಆದರೆ ತಪ್ಪು ಎಲ್ಲಿಂದ ಬಂತೆಂದು ತಿಳಿದು ತಿದ್ದಬೇಕು. ನಮ್ಮ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇಬ್ಬರ ಕನ್ನಡಕ್ಕೂ ಜ್ಞಾನಪೀಠ ಬಂತು. ಬೇರೆ ಮನೆಮಾತಿನ ಯಾವ ಮಗು ಮುಂದೆ ಕನ್ನಡಕ್ಕೆ ಏನು ಕೊಟ್ಟೀತೆಂದು ಕೊನೆಯ ಬೆಂಚಿಗೆ ಕಳಿಸುವವನಿಗೆ ಹೇಗೆ ಗೊತ್ತು?

ಆ ಬೇಸಗೆಯಲ್ಲಿ ಎಂಟು ಭಾನುವಾರ ಹುಡುಗಿ ಬಂದಳು. ಇಂಗ್ಲಿಷನ್ನು ನಾವು ಮುಟ್ಟಲಿಲ್ಲ. 'ಬೇಸಾಯದ ಭೂಮಿಯನ್ನು ಸೌರಫಲಕಕ್ಕೆ ಕೊಡುವುದು ಸರಿಯೇ?' ಎಂದು ಕೇಳಿ, ಕನ್ನಡದಲ್ಲಿ ಬರೆಯಲು ಹೇಳಿದೆ. ಮೊದಲ ವಾರ ಗೈಡಿನ ಧಾಟಿಯಲ್ಲಿ 'ಸೌರಶಕ್ತಿಯು ಪ್ರಕೃತಿಯ ವರದಾನ' ಎಂದು ಬರೆದು ತಂದಳು. ನಿಮ್ಮ ತಂದೆ ಏನೆನ್ನುತ್ತಾರೆ ಎಂದು ಕೇಳಿದೆ. ಮೂರನೆಯ ವಾರ ತಂದೆಯ ಮಾತು ಬಂತು, ನಾಲ್ಕನೆಯ ವಾರ ಅದಕ್ಕೆ ಮಗಳ ಉತ್ತರ ಬಂತು. ಎಂಟನೆಯ ವಾರದ ಬರಹದಲ್ಲಿ ನಾನು ಒಪ್ಪದ ಒಂದು ವಾದವಿತ್ತು, ಅದನ್ನು ಮುರಿಯಲು ನನಗೆ ಆಗಲಿಲ್ಲ. ಇನ್ನೇನು ಅವಳು ಮತ್ತೆ ಪರೀಕ್ಷೆಗೆ ಕೂರುತ್ತಾಳೆ. ಈಗ ಬರವಣಿಗೆಯ ಭಾಗವೊಂದನ್ನೇ ಮತ್ತೆ ಬರೆಯುವ ಅನುಕೂಲವಿದೆಯಂತೆ. ಆ ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದೆಯೇ ಎಂದು ಬರೆದು ಕೇಳಿದ್ದಾಳೆ. ಫಲ ಏನಾದೀತೋ ತಿಳಿಯದು. ಏನಾದರೂ ಅದರಲ್ಲಿ ಒಂದು ಪಾಲು ನನ್ನದೆಂದು ಮಾತ್ರ ತಿಳಿದಿದ್ದೇನೆ.

ಕಾಲೇಜು ಮತ್ತೆ ತೆರೆದಿದೆ. ಮೊದಲ ವಾರವೇ ಪಾವಗಡದ ಕಡೆಯ ಹುಡುಗನೊಬ್ಬ ತಡವಾಗಿ ಬಂದು, "ನಮ್ಮಕ್ಕ ಆಸ್ಪತ್ರೆಗೆ ಬಂತು ಸರ್" ಎಂದ. ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದು ನಕ್ಕು ನನ್ನ ಮುಖ ನೋಡಿದರು. ಅಕ್ಕ ಹೇಗಿದ್ದಾಳೆಂದು ಹುಡುಗನನ್ನು ಕೇಳಿ ಕೂರಿಸಿದೆ. ಆಮೇಲೆ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ, ಹಲಗೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು, ಒಂದು ಕಡೆ 'ಕನ್ನಡ', ಇನ್ನೊಂದು ಕಡೆ 'ತೆಲುಗು' ಎಂದು ಬರೆದೆ. "ತೆಲುಗು ಯಾರಿಗೆ ಚೆನ್ನಾಗಿ ಬರುತ್ತದೆ? ಈ ಕಡೆಯದನ್ನು ಅವರೇ ಬಂದು ತುಂಬಬೇಕು" ಎಂದೆ. ಅರ್ಧ ತರಗತಿ ಕೈಯೆತ್ತಿತು. ಆ ಹುಡುಗನ ಕೈಯೂ ಮೇಲಿತ್ತು.